ಶಿಖರಕ್ಕೆ ಮುನ್ನ ಲೇಹ್ ಸುತ್ತಾಟ

ಲಡಾಖಿನ ಕಾಂಗ್ ಯಾತ್ಸೆ-2 ಹತ್ತಿದ ಅನುಭವ ಹೇಳಿ ಎಂದಿರಿ. ಶಿಖರ 6,250 ಮೀಟರ್. ಆದರೆ ನನಗೆ ಹೇಳಬೇಕಿರುವುದು ಅದಕ್ಕೂ ಮೊದಲು ಲೇಹ್‌ನಲ್ಲಿ ಕಳೆದ ದಿನಗಳ ಬಗ್ಗೆ.

ಮುಂಬಯಿಯ ಸಮುದ್ರಮಟ್ಟದಿಂದ ಹೊರಟು, ವಿಮಾನದಲ್ಲಿ ಸುಮಾರು 3,500 ಮೀಟರ್ ಎತ್ತರಕ್ಕೆ ಹೋಗಿ ಇಳಿದಿದ್ದೆವು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಇಲ್ಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಮೊದಲೆರಡು ದಿನ ಬರೀ ವಿಶ್ರಾಂತಿ, ನೀರು, ಬಿಸಿ ಸೂಪು. ಮೂರನೆಯ ದಿನ ಗೈಡ್ ನಮ್ಮನ್ನು ಊರು ನೋಡಲು ಕರೆದೊಯ್ದರು. ಒಂಬತ್ತು ಅಂತಸ್ತಿನ ಲೇಹ್ ಅರಮನೆ, ಆಮೇಲೆ ಥಿಕ್ಸೆಯ ಬೌದ್ಧ ಮಠ. “ದುಡ್ಡು ಕೊಟ್ಟಿದ್ದು ಬೆಟ್ಟ ಹತ್ತೋಕೆ, ಫೋಟೋ ತೆಗೆಯೋಕಲ್ಲ” ಎಂದು ಗೊಣಗಿದವರೂ ಇದ್ದರು. ಥಿಕ್ಸೆಯ ಮೆಟ್ಟಿಲಲ್ಲಿ ಅವರ ಮಾತು ನಿಂತಿತು, ಗೊಣಗಲು ಉಸಿರೇ ಉಳಿದಿರಲಿಲ್ಲ!

ಮೈತ್ರೇಯ ಬುದ್ಧನ ವಿಗ್ರಹ ಅಲ್ಲಿ ಎರಡಂತಸ್ತು ಎತ್ತರ. ಒಳಗೆ ಕಾಲಿಟ್ಟರೆ ಮುಖವೇ ಎದುರಾಗುತ್ತದೆ. ಅದರ ಮುಂದೆ ಕೂತಾಗ ನಮ್ಮಲ್ಲೊಬ್ಬರು ಮೆಲ್ಲಗೆ, “ನಿನ್ನೆ ರಾತ್ರಿಯಿಂದ ತಲೆ ಸಿಡೀತಿದೆ. ಎಲ್ಲರ ಟ್ರಿಪ್ ಹಾಳಾಗುತ್ತೆ ಅಂತ ಹೇಳಲಿಲ್ಲ” ಎಂದರು. ಮನೆಯಲ್ಲೂ ನಾವು ಹೀಗೇ ತಾನೇ? ಜ್ವರವಿದ್ದರೂ ಒಗ್ಗರಣೆ ಹಾಕುತ್ತೇವೆ. ಬೆಟ್ಟದಲ್ಲಿ ಅದು ಪ್ರಾಣಕ್ಕೇ ಕುತ್ತು. ತಲೆನೋವು, ವಾಕರಿಕೆ ಮುಚ್ಚಿಟ್ಟು ಇನ್ನೂ ಮೇಲೇರಿದರೆ ಮಿದುಳು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಗೈಡ್ ತಕ್ಷಣ ಅವರನ್ನು ವೈದ್ಯರಿಗೆ ತೋರಿಸಿದರು, ಎಲ್ಲರನ್ನೂ ಲೇಹ್‌ನಲ್ಲಿ ಇನ್ನೆರಡು ದಿನ ಉಳಿಸಿದರು. ಈ ಸಲ ಯಾರೂ ಗೊಣಗಲಿಲ್ಲ.

ಅವರು ಬೇಸ್ ಕ್ಯಾಂಪ್‌ವರೆಗೆ ಬಂದರು, ಶಿಖರಕ್ಕೆ ಬರಲಿಲ್ಲ. ಈಗ ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಮುಂದಿನ ಆಗಸ್ಟ್‌ಗೆ ಟಿಕೆಟ್ ತೆಗೆದಾಗಿದೆ.