ಕಾವಲುಗಾರರಿಂದಲೇ ಕೇಡು

(ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೂ ರೋಗವೊಂದರ ವಿಷಯವಾಗಿ ಮಾತನಾಡಲು ನಿಂತಿರುವುದಕ್ಕೆ ಕಾರಣವುಂಟು. ಆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕುಳಿತು ದಿನವೂ ಪತ್ರಿಕೆ ಓದುತ್ತಿದ್ದ ಹೋಟೆಲ್ ಕೆಲಸದ ಗೆಳೆಯರೊಬ್ಬರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮೇಲುಹೊಟ್ಟೆಯಲ್ಲಿ ಹುಟ್ಟಿದ ನೋವು ಬೆನ್ನಿಗೆ ಹಾಯುತ್ತಿತ್ತು, ವಾಂತಿ ನಿಲ್ಲಲಿಲ್ಲ. ವಾಯುವೆಂದು ಸೋಡಾ ಕುಡಿದು, ರಜೆ ಹಾಕಿದರೆ ಸಂಬಳ ಹೋದೀತೆಂದು ಎರಡು ರಾತ್ರಿ ಕಳೆದರು. ಮೂರನೆಯ ದಿನ ಆಸ್ಪತ್ರೆಗೆ ಸೇರಿಸಿದಾಗ ಉಸಿರಾಟವೇ ಕಷ್ಟವಾಗಿತ್ತು. ಅದು ಮೇದೋಜೀರಕಾಂಗಕ್ಕೆ ಹಠಾತ್ತನೆ ಬರುವ ಉರಿಯೂತ ಎಂದು ತಿಳಿದಾಗ ನಮ್ಮಲ್ಲಿ ಕೆಲವರು "ಕುಡಿತವಿದ್ದಿರಬೇಕು" ಎಂದೆವು. ಹಾಗೆಂದವರಲ್ಲಿ ನಾನೂ ಒಬ್ಬ. ಅವರು ಮದ್ಯ ಮುಟ್ಟಿದವರೇ ಅಲ್ಲ. ಪಿತ್ತಕೋಶದ ಕಲ್ಲೊಂದು ಜಾರಿ ನಾಳದ ಬಾಯಿಗೆ ಅಡ್ಡವಾಗಿತ್ತು. ಆ ಮಾತು ನನ್ನನ್ನು ಇನ್ನೂ ಕೊರೆಯುತ್ತಿದೆ. ಅಂದಿನಿಂದ ಓದಿ, ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

ಮೇದೋಜೀರಕಾಂಗವೆಂದರೆ ಡಾಕ್ಟರುಗಳು ಪ್ಯಾಂಕ್ರಿಯಾಸ್ ಎನ್ನುವ ಗ್ರಂಥಿ. ಜಠರದ ಹಿಂದೆ ಅಡ್ಡವಾಗಿ ಮಲಗಿದೆ. ಉದ್ದ ಸುಮಾರು 15 ಸೆಂಟಿಮೀಟರ್. ಅನ್ನ, ಬೇಳೆ, ಎಣ್ಣೆಗಳನ್ನು ಕರಗಿಸುವ ರಸವನ್ನು ದಿನಕ್ಕೆ ಒಂದು ಲೀಟರಿಗೂ ಮಿಕ್ಕಿ ತಯಾರಿಸಿ ಸಣ್ಣ ಕರುಳಿಗೆ ಕಳುಹಿಸುತ್ತದೆ. ಇಂಥ ರಸದಿಂದ ಗ್ರಂಥಿಯೇ ಏಕೆ ಕರಗುವುದಿಲ್ಲ? ರಸದಲ್ಲಿರುವ ಟ್ರಿಪ್ಸಿನ್ ಎಂಬ ಕಿಣ್ವ ಅಲ್ಲಿರುವಷ್ಟು ಕಾಲ ಟ್ರಿಪ್ಸಿನೋಜನ್ ಎಂಬ ನಿದ್ದೆಯ ರೂಪದಲ್ಲಿರುತ್ತದೆ. ಕರುಳಿಗೆ ಇಳಿದ ಮೇಲೆ ಅಲ್ಲಿಯ ಬೇರೊಂದು ಕಿಣ್ವ ಅದನ್ನು ಎಚ್ಚರಿಸುತ್ತದೆ. ಕಲ್ಲು ನಾಳವನ್ನು ಮುಚ್ಚಿದಾಗ, ಅಥವಾ ಮದ್ಯವು ಗ್ರಂಥಿಯ ಜೀವಕೋಶಗಳನ್ನು ಕೆಡಿಸಿದಾಗ, ಅದು ಮನೆಯೊಳಗೇ ಎಚ್ಚರಗೊಳ್ಳುತ್ತದೆ. ಈ ಅಂಗವು ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆಂದು ಪ್ರಾಗ್ ನಗರದ ಹ್ಯಾನ್ಸ್ ಕಿಯಾರಿ ಎಂಬ ವೈದ್ಯರು 1896ರಲ್ಲಿಯೇ ಹೇಳಿದರು.

ಆದರೆ ಅಂಗೈಯುದ್ದದ ಗ್ರಂಥಿಯೊಂದು ಬೆಂದರೆ ಶ್ವಾಸಕೋಶವೇಕೆ ಸೋಲಬೇಕು? ಮೂತ್ರಪಿಂಡವೇಕೆ ನಿಲ್ಲಬೇಕು? ಇದಕ್ಕೆ ಉತ್ತರ ನಮ್ಮ ಕಾವಲುಗಾರರಾದ ಬಿಳಿಯ ರಕ್ತಕಣಗಳಲ್ಲಿದೆ.

ಈ ಕಾವಲಿನ ಗುಟ್ಟನ್ನು ಮೊದಲು ಕಂಡವರು ರಷ್ಯದ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಅವರು ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲೆದಾಡುವ ಕಣಗಳು ಆ ಮುಳ್ಳನ್ನು ಮುತ್ತಿಕೊಂಡಿದ್ದವು. ಈ ಸಂಶೋಧನೆಗಾಗಿ 1908ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ಒಡೆಸ್ಸಾ ನಗರದಲ್ಲಿ ಅವರ ಶಿಷ್ಯರಾಗಿದ್ದ ಹಾಫ್‌ಕಿನ್ ಮುಂಬಯಿಗೆ ಪರಕೀಯರಲ್ಲ. 1896ರಲ್ಲಿ ಪ್ಲೇಗು ಬಂದಾಗ ಇಲ್ಲಿಗೆ ಬಂದು, 1897ರ ಜನವರಿ 10ರಂದು ತಾವೇ ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡವರು ಅವರು. ಪರೇಲಿನಲ್ಲಿ ನಾವು ಹಾದುಹೋಗುವ ಹಾಫ್‌ಕಿನ್ ಸಂಸ್ಥೆ 1925ರಿಂದ ಅವರ ಹೆಸರನ್ನೇ ಹೊತ್ತು ನಿಂತಿದೆ. ಲಸಿಕೆಯು ಕಾವಲುಗಾರರಿಗೆ ಶತ್ರುವಿನ ಗುರುತನ್ನು ಕಲಿಸುತ್ತದೆ. ನಾನು ಹೇಳುತ್ತಿರುವ ರೋಗದಲ್ಲಾದರೋ, ಆರಂಭದಲ್ಲಿ ಹೊರಗಿನ ಶತ್ರುವೇ ಇರುವುದಿಲ್ಲ.

ಹತ್ತಿಯ ಗೋದಾಮನ್ನು ಕಂಡವರಿಗೆ ಈ ಮಾತು ಸುಲಭವಾಗಿ ತಿಳಿದೀತು. ಒಂದು ಬೇಲಿಗೆ ಕಿಡಿ ತಗಲುತ್ತದೆ, ಗಂಟೆ ಬಾರಿಸುತ್ತದೆ, ಬಂಬಿನವರು ಓಡಿಬರುತ್ತಾರೆ. ಬಾಗಿಲು ಒಡೆದು, ನೀರು ಸುರಿದು ಬೆಂಕಿ ಆರಿಸುತ್ತಾರೆ. ಆದರೆ ಬೆಂಕಿ ಆರಿದ ಮೇಲೂ ಗಂಟೆ ನಿಲ್ಲದೆ, ಹತ್ತು ಕಡೆಯಿಂದ ಬಂಬುಗಳು ಬರುತ್ತಲೇ ಇದ್ದರೆ? ಸುಟ್ಟದ್ದಕ್ಕಿಂತ ನೆನೆದು ಕೆಟ್ಟದ್ದೇ ಹೆಚ್ಚಾದೀತು.

ಗ್ರಂಥಿಯಲ್ಲಿ ನಡೆಯುವುದೂ ಹೀಗೆಯೇ. ಗಾಯಗೊಂಡ ಜೀವಕೋಶಗಳು ಅಪಾಯದ ಸೂಚನೆಯಾಗಿ ಕೆಲವು ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತವೆ. ಕೆಲವು ಗಂಟೆಗಳೊಳಗೆ ನ್ಯೂಟ್ರೊಫಿಲ್ ಎಂಬ ಕಣಗಳು ರಕ್ತನಾಳದ ಗೋಡೆಯನ್ನು ನುಸುಳಿ ಬರುತ್ತವೆ. ಕ್ರಿಮಿಯನ್ನು ಕೊಲ್ಲಲೆಂದು ಅವುಗಳಲ್ಲಿರುವ ಉರಿಪದಾರ್ಥಗಳು ಇಲ್ಲಿ ಗ್ರಂಥಿಯನ್ನೇ ಸುಡುತ್ತವೆ. ಅವು ಸಾಯುವಾಗ ತಮ್ಮ ಡಿ.ಎನ್.ಎ. ಎಳೆಗಳನ್ನೇ ಬಲೆಯಂತೆ ಹರಡುವುದುಂಟೆಂದು 2004ರಲ್ಲಿ ಗೊತ್ತಾಯಿತು. ಆ ಬಲೆಗಳು ಗ್ರಂಥಿಯ ಸಣ್ಣ ನಾಳಗಳನ್ನು ಮುಚ್ಚಿ ರೋಗವನ್ನು ಬೆಳೆಸುವುದನ್ನು 2016ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಹಿಂದೆಯೇ ಮ್ಯಾಕ್ರೊಫೇಜ್ ಎಂಬ ದೊಡ್ಡ ಕಣಗಳು ಬಂದು ಕಸ ನುಂಗತೊಡಗುತ್ತವೆ. ನುಂಗಿದ ಕಸದಲ್ಲಿ ಟ್ರಿಪ್ಸಿನೋಜನ್ ಇದ್ದರೆ, ಅದು ಅವುಗಳ ಹೊಟ್ಟೆಯಲ್ಲಿಯೂ ಎಚ್ಚರಗೊಳ್ಳಬಲ್ಲದು. ಇದು ತಿಳಿದದ್ದು 2018ರಲ್ಲಿ. ಇವು ಮತ್ತಷ್ಟು ಕೂಗು ಹಾಕಿ ಹೊಸ ಕಣಗಳನ್ನು ಕರೆಯುತ್ತವೆ. ಕೂಗು ರಕ್ತದಲ್ಲಿ ಹರಡಿ ಮೈಯೆಲ್ಲದರ ರಕ್ತನಾಳಗಳು ಸೋರುತ್ತವೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೂತ್ರಪಿಂಡಕ್ಕೆ ಸಾಕಷ್ಟು ರಕ್ತ ಮುಟ್ಟುವುದಿಲ್ಲ. ಅಂಗಗಳ ಈ ಸೋಲು 48 ಗಂಟೆಗೂ ಮೀರಿ ಉಳಿದರೆ ಡಾಕ್ಟರುಗಳು ರೋಗವನ್ನು ಘೋರವೆಂದು ಎಣಿಸುತ್ತಾರೆ. ಇಷ್ಟಾದ ಮೇಲೆ ಕಾವಲು ಪಡೆ ದಣಿದು ಹೋಗುತ್ತದೆ. ಆಗ ಕರುಳಿನ ಕ್ರಿಮಿಗಳು ಸತ್ತ ಮಾಂಸಕ್ಕೆ ಇಳಿದು ಕೀವು ಮಾಡಬಹುದು.

ಹಾಗಾದರೆ ಈ ಕೂಗನ್ನು ಅಡಗಿಸುವ ಔಷಧವಿಲ್ಲವೇ ಎಂದು ಕೇಳಬಹುದು. ಪ್ರಯತ್ನವೇನೋ ನಡೆದಿದೆ. ಲೆಕ್ಸಿಪಾಫಾಂಟ್ ಎಂಬ ಮದ್ದನ್ನು 290 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ನಿರೀಕ್ಷಿಸಿದ ಗುಣ ಕಾಣಲಿಲ್ಲ. ರೋಗಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೂಗು ಹರಡಿಬಿಟ್ಟಿರುವುದು ಇಂಥ ಸೋಲಿಗೆ ಒಂದು ಕಾರಣವೆಂದು ಬಲ್ಲವರು ಹೇಳುತ್ತಾರೆ. ಆದುದರಿಂದ ಚಿಕಿತ್ಸೆಯೆಂದರೆ ನೋವು ತಗ್ಗಿಸುವುದು, ರಕ್ತನಾಳದ ಮೂಲಕ ದ್ರವ ಕೊಡುವುದು, ಉಸಿರಿಗೆ ನೆರವಾಗುವುದು, ತಾಳಿಕೆಯಾದೊಡನೆ ಆಹಾರ ಆರಂಭಿಸುವುದು. ದ್ರವವೂ ಮಿತಿಯಲ್ಲಿರಬೇಕು. 249 ರೋಗಿಗಳಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ದ್ರವವನ್ನು ಧಾರಾಳವಾಗಿ ಸುರಿದವರಿಗೆ ಲಾಭವಾಗಲಿಲ್ಲ. ಮೈಯಲ್ಲಿ ನೀರು ಹೆಚ್ಚಾಗಿ ತೊಂದರೆಯೇ ಆಯಿತು. ಕ್ರಿಮಿ ಸೇರಿದ ಗುರುತಿಲ್ಲದಿದ್ದರೆ ಆಂಟಿಬಯಾಟಿಕ್ ಬೇಕಿಲ್ಲ. "ದೊಡ್ಡ ಇಂಜೆಕ್ಷನ್ ಏಕೆ ಕೊಡಲಿಲ್ಲ?" ಎಂದು ಡಾಕ್ಟರರೊಡನೆ ಜಗಳವಾಡುವುದು ಸಲ್ಲದು.

ಭಯಪಡಿಸುವುದು ನನ್ನ ಉದ್ದೇಶವಲ್ಲ. ಈ ರೋಗ ಬಂದ ಐವರಲ್ಲಿ ಹೆಚ್ಚುಕಡಿಮೆ ನಾಲ್ವರಿಗೆ ಅದು ಸೌಮ್ಯವಾಗಿದ್ದು, ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ಆದರೆ ಆ ಐದನೆಯವರು ಯಾರೆಂಬುದನ್ನು ಕೊಠಡಿಯಲ್ಲಿ ಮಲಗಿ ಹೇಳಲಾಗದು. ಆದುದರಿಂದ ಮೂರು ಮಾತು ಅರಿಕೆ ಮಾಡಿಕೊಳ್ಳುತ್ತೇನೆ.

ಒಂದು: ಮೇಲುಹೊಟ್ಟೆಯಲ್ಲಿ ತಡೆಯಲಾಗದ ನೋವು ಹುಟ್ಟಿ, ಬೆನ್ನಿಗೆ ಹಾಯುತ್ತ, ವಾಂತಿಯೂ ಜೊತೆಗೂಡಿದರೆ ಸೋಡಾ, ಚೂರ್ಣಗಳಲ್ಲಿ ಹೊತ್ತು ಕಳೆಯಬೇಡಿ. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅಮೈಲೇಸ್, ಲೈಪೇಸ್ ಎಂಬ ರಕ್ತಪರೀಕ್ಷೆಯಿಂದ ರೋಗದ ಸುಳಿವು ಸಿಗುತ್ತದೆ.

ಎರಡು: ಮದ್ಯ ಮತ್ತು ಧೂಮಪಾನ ಬಿಡಿ. ಕಲ್ಲಿನಿಂದ ಒಮ್ಮೆ ಈ ರೋಗ ಬಂದಿದ್ದರೆ, ಪಿತ್ತಕೋಶದ ಶಸ್ತ್ರಕ್ರಿಯೆಯನ್ನು ಊರಿಗೆ ಹೋಗಿ ಬಂದ ಮೇಲೆ ಎಂದು ಮುಂದಕ್ಕೆ ಹಾಕಬೇಡಿ.

ಮೂರು: ರೋಗಿಯ ನಡತೆಯನ್ನು ತೂಗಬೇಡಿ. ಈ ರೋಗಕ್ಕೆ ಹೆಚ್ಚಾಗಿ ಕಂಡುಬರುವ ಕಾರಣಗಳು ಎರಡು, ಕಲ್ಲು ಮತ್ತು ಮದ್ಯ. ಮದ್ಯದಿಂದಲೇ ಬಂದಿದ್ದರೂ ನೋವು ನೋವೇ. ಜನ ಏನೆಂದಾರೋ ಎಂಬ ನಾಚಿಕೆಯಿಂದ ಒಬ್ಬ ಮನುಷ್ಯ ಒಂದು ರಾತ್ರಿ ತಡಮಾಡಿದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ನಮ್ಮ ಗೆಳೆಯರು ಮೊದಲ ರಾತ್ರಿಯೇ ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಇನ್ನು ಮುಂದೆ ನಮ್ಮಲ್ಲಿ ಯಾರಾದರೂ ನಡುರಾತ್ರಿ ಹೊಟ್ಟೆ ಹಿಡಿದುಕೊಂಡರೆ, ಪಕ್ಕದ ಹಾಸಿಗೆಯವರು ಏನನ್ನೂ ಕೇಳದೆ ಚಪ್ಪಲಿ ಮೆಟ್ಟಿ ಜೊತೆಗೆ ಹೊರಡಲಿ.