ಒಂದು ಸ್ಟ್ರಕ್ಟ್, ಒಂದೇ ಹೆಡರ್

ನಾನು ಚೆನ್ನೈಗೆ ಬಂದ ಮೊದಲ ವರ್ಷ, ಮೇ ತಿಂಗಳು. ಹೊರಗೆ ಇಲ್ಲಿಯವರು ಹೇಳೋ ಕತ್ತಿರಿ ವೆಯಿಲ್. ನಮ್ಮ ಬೋರ್ಡ್‌ನ ಲಾಗ್‌ನಲ್ಲಿ ಮಾತ್ರ ತಾಪಮಾನ 0.00! ಎರಡು ದಿನ ಸೆನ್ಸರನ್ನೇ ಬೈದೆ. ತಪ್ಪು ನನ್ನದೇ.

ಸೆನ್ಸರ್.ಸಿ, ಲಾಗ್.ಸಿ ಎರಡರಲ್ಲೂ ಒಂದೇ ಸ್ಟ್ರಕ್ಟನ್ನ ಕಾಪಿ-ಪೇಸ್ಟ್ ಮಾಡಿದ್ದೆ: ಐಡಿಗೆ ಇಂಟ್, ತಾಪಮಾನಕ್ಕೆ ಫ್ಲೋಟ್, ಒಟ್ಟು 8 ಬೈಟ್. ಆಮೇಲೆ ಸೆನ್ಸರ್.ಸಿಯಲ್ಲಿ ಮಾತ್ರ, ಇವೆರಡರ ನಡುವೆ, ಸೆಕೆಂಡುಗಳಿಗೆ ಅಂತ ಇನ್ನೊಂದು ಇಂಟ್ ಸೇರಿಸಿದೆ. ಅಲ್ಲಿ 12 ಬೈಟ್ ಆಯ್ತು. ಲಾಗ್.ಸಿಗೆ ಹೋಗಿದ್ದು ಬರೀ ಪಾಯಿಂಟರ್. ಅದು ಹಳೇ ಜಾಗದಲ್ಲೇ ತಾಪಮಾನ ಹುಡುಕಿ, ಸೆಕೆಂಡುಗಳನ್ನ ಫ್ಲೋಟ್ ಅಂತ ಓದ್ತಿತ್ತು. ಸಣ್ಣ ಇಂಟ್‌ನ ಬಿಟ್‌ಗಳು ಫ್ಲೋಟ್ ಆಗಿ ಓದಿದರೆ ಸೊನ್ನೆಗೆ ತೀರಾ ಹತ್ತಿರ.

ಎರರ್ ಯಾಕೆ ಬರಲಿಲ್ಲ? ಕಂಪೈಲರ್ ಒಂದೊಂದು ಸಿ ಫೈಲನ್ನೂ ಬೇರೆಬೇರೆಯಾಗಿ ನೋಡುತ್ತೆ. ಲಿಂಕರ್ ಹೆಸರು ಹೊಂದಿಸುತ್ತೆ ಅಷ್ಟೇ. ಸ್ಟ್ರಕ್ಟ್ ಒಳಗೇನಿದೆ ಅಂತ ಕೇಳಲ್ಲ.

ಹಾಗಾಗಿ ಸ್ಟ್ರಕ್ಟನ್ನೂ ಫಂಕ್ಷನ್ ಪ್ರೊಟೊಟೈಪನ್ನೂ ರೀಡಿಂಗ್.ಎಚ್‌ನಲ್ಲಿ ಇಡಿ, ಎರಡೂ ಫೈಲಲ್ಲಿ ಇಂಕ್ಲೂಡ್ ಮಾಡಿ. ಸುತ್ತ ಇಫ್‌ಎನ್‌ಡೆಫ್, ಡಿಫೈನ್, ಎಂಡಿಫ್ ಗಾರ್ಡ್ ಇರಲಿ. ಒಂದೇ ಸಿ ಫೈಲಿಗೆ ಹೆಡರ್ ಎರಡು ಸಲ ಬಂದರೂ ರೀಡೆಫಿನಿಷನ್ ಎರರ್ ಬರಲ್ಲ.

ಇನ್ನೊಂದು ಮಾತು. ಹೆಡರ್ ಬದಲಾದರೆ ಎರಡೂ ಫೈಲ್ ಮತ್ತೆ ಕಂಪೈಲ್ ಆಗಬೇಕು. ಜಿಸಿಸಿಗೆ ಮೈನಸ್ ಎಂಎಂಡಿ ಕೊಡಿ. ಅದು ಬರೆಯೋ ಡಿ ಫೈಲುಗಳನ್ನ ಮೇಕ್‌ಫೈಲಲ್ಲಿ ಇಂಕ್ಲೂಡ್ ಮಾಡಿ. ಇಲ್ಲಾಂದ್ರೆ ಹಳೇ ಆಬ್ಜೆಕ್ಟ್ ಫೈಲ್ ಉಳಿದು, ಹೆಡರ್ ಇದ್ರೂ ಮತ್ತೆ ಅದೇ 0.00 ನೋಡ್ತೀರಿ.