ಗಟ್ಟಿ ವಸ್ತುವಿನೊಳಗೆ ಅಯಾನುಗಳ ನಡಿಗೆ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)



ಬಿಇ ಮುಗಿಸಿದ ನಾನು ಈಗ ಬರೆಯುವುದು ಬ್ಯಾಟರಿಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಹಾಗಾಗಿ ಇಂದಿನ ಮಾತು ಕಂಪ್ಯೂಟರಿನದಲ್ಲ, ವಿದ್ಯುತ್ತಿನದು.

ನಮ್ಮ ಯಲಬುರ್ಗಾ, ಕುಷ್ಟಗಿ ಕಡೆ ಗಾಳಿಯಂತ್ರಗಳನ್ನು ನೋಡಿದ್ದೀರಿ. ಗಾಳಿ ಬಿದ್ದರೆ ಅವು ನಿಲ್ಲುತ್ತವೆ. ಹೊತ್ತು ಮುಳುಗಿದರೆ ಸೋಲಾರೂ ಸುಮ್ಮನಾಗುತ್ತದೆ. ಕತ್ತಲಾದ ಮೇಲೂ ಮೋಟಾರು ನಡೆಯಬೇಕಾದರೆ ಹಗಲಿನ ವಿದ್ಯುತ್ತನ್ನು ಕೂಡಿಡಬೇಕು. ಅದಕ್ಕೊಂದು ದಾರಿ: ಆ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಹೈಡ್ರೋಜನ್ ಸಂಗ್ರಹಿಸುವುದು, ಬೇಕಾದಾಗ ಇಂಧನಕೋಶದಲ್ಲಿ ಅದರಿಂದ ಮತ್ತೆ ವಿದ್ಯುತ್ ಪಡೆಯುವುದು. ಇಂಥ ಒಂದು ಬಗೆಯ ಕೋಶದ ನಡುವೆ ಪಿಂಗಾಣಿಯಂಥ ಆಕ್ಸೈಡ್ ಪದರವಿರುತ್ತದೆ. ಅದು ಆಕ್ಸಿಜನ್ ಅಯಾನುಗಳನ್ನು ಮಾತ್ರ ದಾಟಿಸಬೇಕು. ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲೇ ಸುತ್ತಿ ಬರಬೇಕು. ಆ ಹರಿವೇ ನಮ್ಮ ವಿದ್ಯುತ್.

ಉಪ್ಪುನೀರಿನಲ್ಲಿ ಅಯಾನುಗಳು ಚಲಿಸುವುದನ್ನು ನೀವು ಓದಿದ್ದೀರಿ. ಗಟ್ಟಿ ವಸ್ತುವಿನಲ್ಲಿ ಹೇಗೆ? ಜಿರ್ಕೋನಿಯಂ ಆಕ್ಸೈಡಿಗೆ ಸ್ವಲ್ಪ ಇಟ್ರಿಯಂ ಆಕ್ಸೈಡ್ ಬೆರೆಸುತ್ತಾರೆ. ಜಿರ್ಕೋನಿಯಂ ಅಯಾನಿಗೆ 4 ಧನ ಆವೇಶ, ಇಟ್ರಿಯಂಗೆ 3. ಲೆಕ್ಕ ಸರಿದೂಗಲು ಪ್ರತಿ ಎರಡು ಇಟ್ರಿಯಂಗೆ ಒಂದು ಆಕ್ಸಿಜನ್ ಜಾಗ ಖಾಲಿ ಉಳಿಯುತ್ತದೆ. ಬೆಂಚಿನಲ್ಲಿ ಒಂದು ಜಾಗ ಖಾಲಿಯಿದ್ದರೆ ಪಕ್ಕದವ ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ. ಅಯಾನುಗಳ ನಡಿಗೆಯೂ ಹೀಗೆಯೇ. ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ 1890ರ ದಶಕದ ಕೊನೆಯಲ್ಲೇ ಇಂಥ ಆಕ್ಸೈಡಿನಿಂದ ದೀಪ ಮಾಡಿದ್ದರು.

ತೊಡಕು ಒಂದೇ: ಅಯಾನುಗಳು ಚುರುಕಾಗಿ ಸರಿಯಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಬಿಸಿಯಲ್ಲಿ ಕೋಶದ ಲೋಹದ ಭಾಗಗಳು ಬೇಗ ಹಾಳಾಗುತ್ತವೆ, ಖರ್ಚೂ ಹೆಚ್ಚು. ಪರಿಹಾರದ ಸುಳಿವು ನಿಮ್ಮ ಹತ್ತನೆಯ ತರಗತಿಯ ಪುಸ್ತಕದಲ್ಲೇ ಇದೆ: ವಾಹಕದ ರೋಧ ಅದರ ಉದ್ದಕ್ಕೆ ನೇರ ಅನುಪಾತದಲ್ಲಿರುತ್ತದೆ. ಇಲ್ಲಿ ಉದ್ದವೆಂದರೆ ಪದರದ ದಪ್ಪ. 1 ಮಿಲಿಮೀಟರ್ ದಪ್ಪವನ್ನು 0.01 ಮಿಲಿಮೀಟರಿಗೆ ಇಳಿಸಿದರೆ ಪದರದ ರೋಧ ನೂರರಲ್ಲಿ ಒಂದು ಪಾಲಾಗುತ್ತದೆ. ಆಗ ಕಡಿಮೆ ಶಾಖದಲ್ಲೂ ಕೆಲಸ ನಡೆಯುತ್ತದೆ.

ಆದರೆ ತೆಳುವಾದ ಪದರದಲ್ಲಿ ಸೂಜಿಮೊನೆಯಷ್ಟು ತೂತೂ ಇರಬಾರದು. ಇದ್ದರೆ ಅನಿಲಗಳು ನೇರವಾಗಿ ಬೆರೆತು ಕೋಶ ಕೆಡುತ್ತದೆ. ತೆಳುವೂ ಆಗಬೇಕು, ಬಿರುಕೂ ಬಿಡಬಾರದು. ಈ ಮಾತು ಕಿನ್ನಾಳದವರಿಗೆ ಹೊಸದಲ್ಲ. ನಮ್ಮ ಚಿತ್ರಗಾರರು ಹಗುರ ಮರದ ಗೊಂಬೆಗೆ ಪದರ ಪದರವಾಗಿ ಲೇಪ ಕೊಟ್ಟು, ಒಣಗಿಸಿ, ನಯಗೊಳಿಸಿ, ಆಮೇಲೆ ಬಣ್ಣ ಹಚ್ಚುತ್ತಾರೆ. ಕೆಳಗಿನ ಲೇಪ ಬಿರಿದರೆ ಮೇಲಿನ ಬಣ್ಣ ನಿಲ್ಲುವುದಿಲ್ಲ. ಗೊಂಬೆಯ ಲೇಪದಲ್ಲಿ ಅಯಾನು ನಡೆಯುವುದಿಲ್ಲ, ನಿಜ. ಆದರೆ ಪದರದ ಮೇಲೆ ಆ ನಿಗಾ ಪ್ರಯೋಗಾಲಯದಲ್ಲೂ ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಘನವಸ್ತುಗಳ ರಸಾಯನಶಾಸ್ತ್ರಕ್ಕೆಂದೇ ಒಂದು ವಿಭಾಗ ಕಟ್ಟಿದವರು ನಮ್ಮ ಸಿ. ಎನ್. ಆರ್. ರಾವ್. ಆಕ್ಸೈಡುಗಳ ಅಧ್ಯಯನದಲ್ಲಿ ಜಗತ್ತೇ ಅವರ ಹೆಸರು ಬಲ್ಲದು. ಅಲ್ಲಿಗೆ ಹೋಗುವ ದಾರಿ ನಿಮಗೂ ತೆರೆದಿದೆ. ಕನ್ನಡದಲ್ಲಿ ಓದಿದ್ದೇವೆ ಎಂದು ಹಿಂಜರಿಯಬೇಡಿ. ಇಂಗ್ಲಿಷ್ ಪದಗಳನ್ನು ಆಮೇಲೂ ಕಲಿಯಬಹುದು. ರೋಧದ ಸೂತ್ರ ಕಿನ್ನಾಳದಲ್ಲೂ ಅದೇ, ಜರ್ಮನಿಯಲ್ಲೂ ಅದೇ.

ಆ ಪಾಠ ಬಂದ ದಿನ ನಿಮ್ಮ ಗುರುಗಳನ್ನು ಒಂದು ಪ್ರಶ್ನೆ ಕೇಳಿ: "ಸರ್, ತೂತು ಬೀಳದಂತೆ ಎಷ್ಟು ತೆಳುವಾಗಿ ಮಾಡಬಹುದು?" ಇದೇ ಪ್ರಶ್ನೆಯ ಮೇಲೆ ವಿಜ್ಞಾನಿಗಳು ಇಂದಿಗೂ ದುಡಿಯುತ್ತಿದ್ದಾರೆ. ನಿಮ್ಮಲ್ಲೂ ಕೆಲವರು ಅವರ ಜೊತೆ ಸೇರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.